ಅಗ್ಗದ ಅಂಗಡಿಯ ಎಣ್ಣೆಯೂ ಪ್ರಾಮಾಣ್ಯವಿಚಾರವೂ

ಅಮೆರಿಕ ಸಂಯುಕ್ತ ಸಂಸ್ಥಾನಗಳಲ್ಲಿ ತಮ್ಮ ಮೋಟಾರುಕಾರಿನ ಯೋಗಕ್ಷೇಮವನ್ನು ತಾವೇ ನೋಡಿಕೊಳ್ಳುವ ಗೃಹಸ್ಥರನ್ನು ಬಹುಕಾಲದಿಂದ ಕಾಡುತ್ತಿರುವ ಸಂಶಯವೊಂದುಂಟು. ಮೊಬಿಲ್ ಒನ್, ಕ್ಯಾಸ್ಟ್ರಾಲ್, ವ್ಯಾಲ್ವೊಲೀನ್, ಪೆನ್‌ಜಾಯಿಲ್ ಮೊದಲಾದ ಹೆಸರಾಂತ ಎಂಜಿನ್ ಆಯಿಲುಗಳು ಬಿಡಿಭಾಗಗಳ ಅಂಗಡಿಯಲ್ಲಿ ಒಂದು ಬೆಲೆಗೂ ವಾಲ್‌ಮಾರ್ಟಿನಂಥ ಅಗ್ಗದ ಮಹಾಮಳಿಗೆಯಲ್ಲಿ ಅದಕ್ಕಿಂತ ಸಾಕಷ್ಟು ಕಡಮೆಯ ಬೆಲೆಗೂ ಮಾರಾಟವಾಗುತ್ತವೆ. ಡಬ್ಬಿ ಅದೇ, ಬಣ್ಣ ಅದೇ, ಹೆಸರು ಅದೇ. ಬೆಲೆ ಮಾತ್ರ ಬೇರೆ. ಹೀಗಿರುವಾಗ, ದೊಡ್ಡ ವ್ಯಾಪಾರಿಯ ಒತ್ತಾಯಕ್ಕೆ ಕಟ್ಟುಬಿದ್ದು ತಯಾರಕನು ಅವನಿಗಾಗಿಯೇ ಒಂದು ಕೀಳ್ತರದ ಪಾಕವನ್ನು ಮಾಡಿ, ಅದನ್ನು ಅದೇ ಹೆಸರಿನ ಡಬ್ಬಿಯಲ್ಲಿ ತುಂಬಿ ಕಳುಹಿಸುತ್ತಿರಲಾರನೆ? ಇದೇ ಆ ಸಂಶಯ.

ಇದನ್ನು ಗ್ಯಾರೇಜಿನ ಹರಟೆಯೆಂದು ತಳ್ಳಿಬಿಡಲು ನನಗೆ ಮನಸ್ಸಾಗದು. ಕಣ್ಣು ಮೂಗು ನಾಲಗೆಗಳಿಂದ ಭೇದವನ್ನು ಅರಿಯಲಾರದ ವಸ್ತುವೊಂದು ಎದುರಿಗಿರುವಾಗ, ಅದರ ಮೇಲೆ ಬರೆದಿರುವ ಮಾತನ್ನು ಯಾವ ಆಧಾರದಿಂದ ನಂಬತಕ್ಕದ್ದು, ಆ ನಂಬುಗೆ ತನ್ನಷ್ಟಕ್ಕೇ ನಿಲ್ಲುವುದೋ ಅಥವಾ ಹೊರಗಿನ ಊರುಗೋಲೊಂದನ್ನು ಬೇಡುವುದೋ ಎಂಬುದನ್ನು ನಮ್ಮ ದಾರ್ಶನಿಕರು ಪ್ರಾಮಾಣ್ಯವಾದವೆಂಬ ಹೆಸರಿನಿಂದ ಶತಮಾನಗಳ ಕಾಲ ಚರ್ಚಿಸಿದರು. ಅವರ ಮುಂದಿದ್ದುದು ವೇದವಾಕ್ಯ. ನಮ್ಮ ಮುಂದಿರುವುದು ಐದು ಕ್ವಾರ್ಟು, ಎಂದರೆ ಹೆಚ್ಚುಕಡಮೆ ನಾಲ್ಕೂಮುಕ್ಕಾಲು ಲೀಟರು ಹಿಡಿಯುವ ಪ್ಲಾಸ್ಟಿಕ್ ಡಬ್ಬಿ. ವಿಷಯಗಳ ಘನತೆಯಲ್ಲಿ ಅಜಗಜಾಂತರವಿದ್ದರೂ ಸಂಶಯದ ಸ್ವರೂಪವು ಎರಡೆಡೆಯಲ್ಲಿಯೂ ಒಂದೇ ಆಗಿರುವುದರಿಂದ, ಆ ಹಳೆಯ ಚರ್ಚೆಯ ಬೆಳಕಿನಲ್ಲಿ ಈ ಹೊಸ ಡಬ್ಬಿಯನ್ನು ನೋಡುವುದು ಅನುಚಿತವಾಗದೆಂದು ಭಾವಿಸುತ್ತೇನೆ.

ಡಾಲಸ್ ನಗರದ ಹೊರವಲಯದಲ್ಲಿ ಮನೆಮಾಡಿಕೊಂಡಿರುವ ನನ್ನ ಸೋದರಳಿಯನೊಬ್ಬನು ಒಂದು ಬೆಳಗ್ಗೆ ಕಾರಿನ ಕೆಳಗೆ ನುಸುಳಿ ಕಪ್ಪಾದ ಹಳೆಯ ಆಯಿಲನ್ನು ತಟ್ಟೆಗೆ ಇಳಿಸುತ್ತಿದ್ದಾಗ, ನಾನು ಪಕ್ಕದಲ್ಲಿ ಕುಳಿತು ಹೊಸ ಡಬ್ಬಿಯನ್ನು ತಿರುಗಿಸಿ ನೋಡುತ್ತಿದ್ದೆನು. ಅದರ ಹಿಂಬದಿಯಲ್ಲಿ ಉದ್ದಿನವಡೆಯಂತೆ ದುಂಡಗಿನ ಒಂದು ಮುದ್ರೆಯಿತ್ತು. ಬಳೆಯ ಮೇಲರ್ಧದಲ್ಲಿ ‘ಎಪಿಐ ಸರ್ವಿಸ್ ಎಸ್‌ಪಿ’ ಎಂದೂ, ನಡುವಣ ವೃತ್ತದಲ್ಲಿ ‘ಎಸ್‌ಎಇ 5ಡಬ್ಲ್ಯೂ-30’ ಎಂದೂ, ಕೆಳಗಡೆ ‘ರಿಸೋರ್ಸ್ ಕನ್ಸರ್ವಿಂಗ್’ ಎಂದೂ ಅಚ್ಚಾಗಿತ್ತು.

“ಅಗ್ಗಕ್ಕೆ ಸಿಕ್ಕಿತು ಅಂತ ತಂದೆ ಮಾವ,” ಎಂದನು ಅವನು ಕೆಳಗಿನಿಂದಲೇ. “ಆದರೆ ನಮ್ಮ ಆಫೀಸಿನಲ್ಲಿ ಎಲ್ಲರೂ ಹೇಳುತ್ತಾರೆ, ಆ ಅಂಗಡಿಗೆ ಕಳಿಸೋ ಮಾಲೇ ಬೇರೆಯಂತೆ.”

“ಅವರಲ್ಲಿ ಯಾರಾದರೂ ಪರೀಕ್ಷೆ ಮಾಡಿಸಿದ್ದಾರೇನಪ್ಪ?”

“ಇಲ್ಲ ಮಾವ. ಅವರೂ ಯಾರೋ ಹೇಳಿದ್ದನ್ನು ಕೇಳಿದವರೇ.”

ಯಾರೋ ಹೇಳಿದುದೆಂಬುದು ತರ್ಕಶಾಸ್ತ್ರದಲ್ಲಿ ಐತಿಹ್ಯವೆನಿಸಿಕೊಳ್ಳುತ್ತದೆ. ‘ಈ ಆಲದ ಮರದಲ್ಲಿ ಯಕ್ಷನಿದ್ದಾನೆ’ ಎಂಬ ಊರ ಮಾತಿನಂತೆ ಅದರ ಮೊದಲ ವಕ್ತೃ ಯಾರೆಂಬುದು ಗೊತ್ತಿಲ್ಲ. ಆದುದರಿಂದ ಆತನು ಆಪ್ತನೋ ಅನಾಪ್ತನೋ ಎಂದು ವಿಚಾರಿಸುವುದಕ್ಕೂ ಆಸ್ಪದವಿಲ್ಲ. ಐತಿಹ್ಯವನ್ನು ಬದಿಗಿಟ್ಟರೆ ಅಳಿಯನ ಸಹೋದ್ಯೋಗಿಗಳ ಪಕ್ಷದಲ್ಲಿ ಉಳಿಯುವುದು ಒಂದು ಅನುಮಾನ ಮಾತ್ರ: ಈ ಎಣ್ಣೆ ಕೀಳು, ಏಕೆಂದರೆ ಇದು ಅಗ್ಗ. ಅಗ್ಗವಾದುದೆಲ್ಲ ಕೀಳೆಂಬ ವ್ಯಾಪ್ತಿ ಇದಕ್ಕೆ ಬೇಕು. ಅದು ಉಂಟೆ?

ಹೊಗೆ ಕಂಡಲ್ಲಿ ಬೆಂಕಿಯನ್ನು ಊಹಿಸಬಹುದು, ಬೆಂಕಿ ಕಂಡಲ್ಲೆಲ್ಲ ಹೊಗೆಯನ್ನು ಊಹಿಸಲಾಗದು. ಕಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯಿದೆ, ಹೊಗೆಯಿಲ್ಲ. ಬೆಂಕಿಯಿಂದ ಹೊಗೆಯೇಳಬೇಕಾದರೆ ಹಸಿಯ ಸೌದೆ ಸೇರಬೇಕು. ಈ ಹಸಿಯ ಸೌದೆಯನ್ನು ನೈಯಾಯಿಕರು ಉಪಾಧಿಯೆಂದು ಕರೆಯುತ್ತಾರೆ. ಅಗ್ಗದಿಂದ ಕೀಳುತನವನ್ನು ಊಹಿಸುವಲ್ಲಿಯೂ ಅಂಥದೊಂದು ಉಪಾಧಿಯುಂಟು. ಅದಾವುದೆಂದರೆ, ತಯಾರಕನು ಅಗ್ಗದ ಅಂಗಡಿಗೆಂದೇ ಬೇರೊಂದು ವಸ್ತುವನ್ನು ನಿರ್ಮಿಸಿರುವುದು. ಬಟ್ಟೆಯ ವ್ಯಾಪಾರದಲ್ಲಿ ಈ ಉಪಾಧಿ ನಿಜವಾಗಿಯೂ ಇದೆ. ಅಮೆರಿಕದ ‘ಔಟ್‌ಲೆಟ್’ ಅಂಗಡಿಗಳಲ್ಲಿ ಮಾರುವ ಹೆಸರಾಂತ ಉಡುಪುಗಳಲ್ಲಿ ಎಷ್ಟೋ ಪಾಲು, ದೊಡ್ಡ ಅಂಗಡಿಯಲ್ಲಿ ಉಳಿದ ಮಾಲಾಗಿರದೆ, ಅಲ್ಲಿಗೆಂದೇ ತೆಳುವಾಗಿ ಹೊಲಿಸಿದ ಮಾಲಾಗಿರುತ್ತದೆ. 2014ರಲ್ಲಿ ಆ ದೇಶದ ಶಾಸನಸಭೆಯ ನಾಲ್ವರು ಸದಸ್ಯರು ಈ ಬಗ್ಗೆ ವಿಚಾರಿಸಬೇಕೆಂದು ಫೆಡರಲ್ ಟ್ರೇಡ್ ಕಮಿಷನ್ನಿಗೆ ಪತ್ರ ಬರೆದುದೂ ಉಂಟು. ಆದುದರಿಂದ ಎಣ್ಣೆಯ ವಿಷಯದಲ್ಲಿ ಸಂಶಯಪಟ್ಟವನು ಮೂರ್ಖನಲ್ಲ. ಒಂದು ಕಡೆ ಕಂಡುದನ್ನು ಇನ್ನೊಂದು ಕಡೆಗೆ ಒಯ್ಯುವಾಗ ಹಸಿಯ ಸೌದೆಯೂ ಜೊತೆಗೆ ಬಂದಿದೆಯೆ ಎಂದು ನೋಡಲಿಲ್ಲ, ಅಷ್ಟೆ.

ಎಣ್ಣೆಯ ವ್ಯಾಪಾರದಲ್ಲಿ ಅದು ಬಂದಿಲ್ಲ. ಎಂಜಿನ್ ಆಯಿಲೆಂಬುದು ಮೂಲತೈಲವೊಂದಕ್ಕೆ ಹಲವು ಸಂಯೋಜಕ ದ್ರವ್ಯಗಳನ್ನು ಕೂಡಿಸಿ ಮಾಡಿದ ಪಾಕ. ಲೋಹಕ್ಕೆ ಲೋಹ ಉಜ್ಜದಂತೆ ಕಾಯುವ ಸತು ಮತ್ತು ರಂಜಕಗಳ ಸಂಯುಕ್ತ, ಮಸಿಯನ್ನು ತೊಳೆಯುವ ದ್ರವ್ಯ, ತೊಳೆದ ಮಸಿ ಗಟ್ಟಿಯಾಗದಂತೆ ತೇಲಿಸಿಡುವ ದ್ರವ್ಯ ಇವೆಲ್ಲ ಅದರಲ್ಲಿ ಸೇರಿರುತ್ತವೆ. ಈ ಸಂಯೋಜಕಗಳನ್ನು ಲೋಕಕ್ಕೆಲ್ಲ ಒದಗಿಸುವ ದೊಡ್ಡ ಸಂಸ್ಥೆಗಳು ಲುಬ್ರಿಜಾಲ್, ಇನ್ಫಿನಿಯಂ, ಆಫ್ಟನ್, ಶೆವ್ರಾನ್ ಓರೋನೈಟ್ ಎಂದು ನಾಲ್ಕೇ ನಾಲ್ಕು. ಒಬ್ಬ ವ್ಯಾಪಾರಿಗಾಗಿ ಪಾಕವನ್ನು ಕೆಡಿಸಬೇಕಾದರೆ ಬೇರೆ ತೊಟ್ಟಿ, ಬೇರೆ ಪರೀಕ್ಷೆ, ಬೇರೆ ಲೆಕ್ಕಪತ್ರ, ಬೇರೆ ದಾಸ್ತಾನು ಇಷ್ಟೂ ಬೇಕು. ಸಿಕ್ಕಿಬಿದ್ದರೆ ಅನೇಕ ದಶಕಗಳಲ್ಲಿ ಸಂಪಾದಿಸಿದ ಹೆಸರು ಹೋಗುವುದೆಂಬ ಭಯ ಅದರ ಮೇಲೆ. ಉಳಿಯುವುದು ಲೀಟರಿಗೆ ಅಲ್ಪ ಹಣ. ಅತ್ತ ವಾಲ್‌ಮಾರ್ಟಿನ ಅಗ್ಗಕ್ಕೆ ನೇರವಾದ ಕಾರಣಗಳೇ ಸಾಕಷ್ಟಿವೆ. ಸ್ಯಾಮ್ ವಾಲ್ಟನ್ 1962ರಲ್ಲಿ ಆರ್ಕನ್ಸಾಸಿನ ರಾಜರ್ಸ್ ಎಂಬ ಸಣ್ಣ ಊರಿನಲ್ಲಿ ಮೊದಲ ಮಳಿಗೆಯನ್ನು ತೆರೆದಂದಿನಿಂದ ಆ ಸಂಸ್ಥೆಯ ಸೂತ್ರ ಒಂದೇ: ರಾಶಿಯಾಗಿ ಕೊಳ್ಳು, ಸ್ವಲ್ಪ ಲಾಭಕ್ಕೆ ಮಾರು. ಆಯಿಲಿಗೆಂದು ಬಂದವನು ಹಾಲು, ಬ್ರೆಡ್ಡು, ಮಕ್ಕಳ ಬಟ್ಟೆಯನ್ನೂ ಕೊಂಡುಕೊಂಡು ಹೋಗುವನಾದುದರಿಂದ ಆಯಿಲಿನಲ್ಲಿ ಲಾಭ ಬಾರದಿದ್ದರೂ ಅಂಗಡಿಗೆ ನಷ್ಟವಿಲ್ಲ.

ಒಂದು ಮಾತನ್ನು ಮಾತ್ರ ಒಪ್ಪಿಕೊಳ್ಳಬೇಕು. ಒಂದೇ ತಯಾರಕನ ಮನೆಯಲ್ಲಿ ಮೇಲ್ತರದ ಆಯಿಲೂ ಸಾಧಾರಣದ ಆಯಿಲೂ ಇರುತ್ತವೆ. ಮೊಬಿಲ್ ಒನ್ ಬೇರೆ, ಮೊಬಿಲ್ ಸೂಪರ್ ಬೇರೆ. ಮನೆತನದ ಹೆಸರನ್ನು ನೋಡಿ ವ್ಯಕ್ತಿಯ ಹೆಸರನ್ನು ನೋಡದೆ ಕೊಂಡವನು ಮೋಸವಾಯಿತೆಂದು ದೂರುವುದುಂಟು. ಅದು ಅಂಗಡಿಯ ತಪ್ಪಲ್ಲ.

ಈಗ ಪ್ರಾಮಾಣ್ಯದ ಮಾತಿಗೆ ಬರೋಣ. ಕುಮಾರಿಲಭಟ್ಟರ ಮೀಮಾಂಸಾಪಕ್ಷದಲ್ಲಿ ಜ್ಞಾನವು ಹುಟ್ಟುವಾಗಲೇ ಪ್ರಮಾಣವಾಗಿ ಹುಟ್ಟುತ್ತದೆ. ಬಾಧಕವೊಂದು ತಲೆದೋರಿದಾಗ, ಅಥವಾ ಕಾರಣದಲ್ಲಿ ದೋಷವಿದೆಯೆಂದು ತಿಳಿದಾಗ ಮಾತ್ರ ಅದು ಅಪ್ರಮಾಣವೆನಿಸುತ್ತದೆ. ನೈಯಾಯಿಕರು ಇದನ್ನು ಒಪ್ಪರು. ದೂರದಲ್ಲಿ ನೀರು ಕಂಡಿತು. ಅದು ನೀರೋ ಬಿಸಿಲ್ಗುದುರೆಯೋ ಎಂಬುದು, ಹತ್ತಿರ ಹೋಗಿ ಕುಡಿದು ಬಾಯಾರಿಕೆ ತೀರಿದಾಗ ನಿಶ್ಚಿತವಾಗುತ್ತದೆ. ಪ್ರವೃತ್ತಿ ಸಫಲವಾದುದೇ ಜ್ಞಾನದ ಸತ್ಯತೆಗೆ ಸಾಕ್ಷಿ ಎನ್ನುತ್ತಾರೆ. ಒಂದನ್ನು ಪರೀಕ್ಷಿಸಲು ಇನ್ನೊಂದು ಜ್ಞಾನ, ಅದನ್ನು ಪರೀಕ್ಷಿಸಲು ಮತ್ತೊಂದು ಎಂದು ಹೊರಟರೆ ಅನವಸ್ಥೆಯಾಗುವುದಲ್ಲವೆ ಎಂದು ಆಕ್ಷೇಪಿಸಿ, ನಮ್ಮ ನಾಡಿನ ಮಧ್ವಾಚಾರ್ಯರೂ ಅವರ ಗ್ರಂಥಗಳಿಗೆ ಟೀಕೆ ಬರೆದ ಜಯತೀರ್ಥರೂ ಆ ಸರಪಳಿಯನ್ನು ಒಳಗಿನ ಸಾಕ್ಷಿಯಲ್ಲಿ ನಿಲ್ಲಿಸಿದರು. ಪರೀಕ್ಷೆ ಬೇಡವೆಂದು ಅವರು ಹೇಳಲಿಲ್ಲ. ಸಂಶಯವೆದ್ದಲ್ಲಿ ಪರೀಕ್ಷೆ ಅದನ್ನು ಕಳೆಯುತ್ತದೆ, ಕಳೆದ ಮೇಲೆ ನಿಶ್ಚಯಿಸುವುದು ಸಾಕ್ಷಿ ಎಂಬುದು ಅವರ ಅಭಿಪ್ರಾಯ.

ಎಣ್ಣೆಯ ವಿಷಯದಲ್ಲಿ ನೈಯಾಯಿಕನ ಹಾದಿ ದುರ್ಗಮವಾದುದು. ನೀರು ಕುಡಿದವನ ಬಾಯಾರಿಕೆ ಆ ಕ್ಷಣದಲ್ಲಿಯೇ ತೀರುತ್ತದೆ. ಆಯಿಲು ಸರಿಯಾಗಿತ್ತೆ ಎಂಬುದರ ಫಲವಾದರೋ ಲಕ್ಷ ಮೈಲಿ ಓಡಿದ ಮೇಲೆ, ಕಾರನ್ನು ಎರಡು ಕೈ ಮಾರಿದ ಮೇಲೆ, ಯಾವನೋ ಮೆಕ್ಯಾನಿಕ್ಕು ಎಂಜಿನ್ನು ಬಿಚ್ಚಿದಾಗ ಬೇರಿಂಗಿನ ಮೈಮೇಲಿನ ಗೆರೆಗಳಲ್ಲಿ ಕಾಣತಕ್ಕದ್ದು. ಆ ಸವೆತಕ್ಕೆ ಕಾರಣ ಎಣ್ಣೆಯೋ, ಧೂಳೋ, ಹೊತ್ತಿಗೆ ಸರಿಯಾಗಿ ಬದಲಿಸದ ಸೋಮಾರಿತನವೋ ಎಂದು ಆಗ ಬಿಡಿಸಿ ಹೇಳುವವರಾರು? ಕರ್ಮಫಲವನ್ನು ಕುರಿತು ಹೇಳುವ ಮಾತು ಇಲ್ಲಿಯೂ ಸಲ್ಲುತ್ತದೆ: ಬಿತ್ತಿದವನ ಕಣ್ಣಿಗೆ ಬೆಳೆ ಬೀಳುವ ಭರವಸೆಯಿಲ್ಲ. ತನ್ನೊಬ್ಬನ ಅನುಭವದಿಂದ ಇದನ್ನು ತೀರ್ಮಾನಿಸುತ್ತೇನೆಂದು ಹೊರಟವನ ಆಯುಸ್ಸು ಸಾಲದು. ಪ್ರತ್ಯಕ್ಷ ಸಿಗದು, ಅನುಮಾನ ಮುರಿದುಬಿತ್ತು. ಉಳಿದುದು ಶಬ್ದ, ಎಂದರೆ ಆಪ್ತನ ಮಾತು.

ಆಪ್ತನೆಂದರೆ ಯಾರು? ವಿಷಯವನ್ನು ಕಂಡು ಬಲ್ಲವನು, ಕಂಡುದನ್ನು ಕಂಡಂತೆ ಹೇಳಬೇಕೆಂಬ ಇಚ್ಛೆಯುಳ್ಳವನು. ತಯಾರಕನು ಬಲ್ಲವನು ನಿಜ, ಆದರೆ ತನ್ನ ಮಾಲನ್ನು ತಾನೇ ಹೊಗಳುವವನ ಇಚ್ಛೆಯನ್ನು ಪೂರ್ತಿಯಾಗಿ ನಂಬಲಾಗದು. ಆದುದರಿಂದಲೇ ಆ ದುಂಡು ಮುದ್ರೆ. ಅದರ ಮೇಲಿನ ಎಪಿಐ, ಎಂದರೆ ಅಮೆರಿಕನ್ ಪೆಟ್ರೋಲಿಯಂ ಇನ್‌ಸ್ಟಿಟ್ಯೂಟ್, 1919ರಲ್ಲಿ ಸ್ಥಾಪಿತವಾದ ಉದ್ಯಮಿಗಳ ಸಂಘ. ಎಂಜಿನ್ ಆಯಿಲುಗಳಿಗೆ ಪರವಾನಗಿ ಕೊಟ್ಟು ಮುದ್ರೆಯೊತ್ತುವ ಅದರ ಈಗಿನ ವ್ಯವಸ್ಥೆ 1993ರಲ್ಲಿ ಆರಂಭವಾಯಿತು. 2020ರ ಮೇ ತಿಂಗಳಿನಲ್ಲಿ ಜಾರಿಗೆ ಬಂದ ಎಸ್‌ಪಿ ಎಂಬ ದರ್ಜೆಯ ಮುದ್ರೆಯನ್ನು ಧರಿಸಬೇಕಾದ ಆಯಿಲು, ಓಡುವ ಎಂಜಿನ್ನುಗಳಲ್ಲಿ ನಡೆಸುವ ನಿಯತವಾದ ಪರೀಕ್ಷೆಗಳಲ್ಲಿ ತೇರ್ಗಡೆಯಾಗಬೇಕು. 30 ಎಂಬ ಸ್ನಿಗ್ಧತೆಯ ಅಂಕಕ್ಕೂ ಖಚಿತವಾದ ಅರ್ಥವಿದೆ. ನೂರು ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಅದು 9.3ರಿಂದ 12.5 ಸೆಂಟಿಸ್ಟೋಕಿನೊಳಗೆ ಇರತಕ್ಕದ್ದು. ಆದರೆ ನನ್ನ ಮನಸ್ಸನ್ನು ಒಪ್ಪಿಸಿದುದು ಇವಾವುವೂ ಅಲ್ಲ. ಆ ಸಂಘದವರು ಸಾಮಾನ್ಯ ಗಿರಾಕಿಗಳಂತೆ ಅಂಗಡಿಗಳ ಸಾಲಿನಿಂದಲೇ ವರ್ಷವರ್ಷವೂ ಆಯಿಲನ್ನು ಎತ್ತಿಕೊಂಡು ಹೋಗಿ, ಪರವಾನಗಿಗೆ ಬರೆದುಕೊಟ್ಟ ಪಾಕಕ್ಕೂ ಡಬ್ಬಿಯೊಳಗಿನ ಪಾಕಕ್ಕೂ ತಾಳೆ ನೋಡುತ್ತಾರೆ. ಈ ಪರವಾನಗಿ ಕೊಡುವುದು ಆಯಿಲಿಗೆ. ಅದನ್ನು ಯಾವ ಅಂಗಡಿಯಲ್ಲಿ ಮಾರಿದರೂ ನಿಯಮ ಒಂದೇ. ಉದ್ಯಮಿಗಳ ಸಂಘವೇ ಉದ್ಯಮಿಗಳನ್ನು ಪರೀಕ್ಷಿಸುವುದು ಎಷ್ಟರಮಟ್ಟಿಗೆ ಸರಿಯೆಂದು ಯಾರಾದರೂ ಕೇಳಿದರೆ, ಆ ಆಕ್ಷೇಪಕ್ಕೆ ಬಲವಿದೆಯೆಂದು ಒಪ್ಪುತ್ತೇನೆ. ಆದರೆ ಒಬ್ಬನು ಕದ್ದರೆ ಉಳಿದವರಿಗೆಲ್ಲ ನಷ್ಟವಾಗುವ ಕಡೆ, ಪ್ರತಿಸ್ಪರ್ಧಿಗಳ ಕಣ್ಣು ಪೋಲೀಸರ ಕಣ್ಣಿಗಿಂತ ತೀಕ್ಷ್ಣವಾಗಿರುತ್ತದೆ.

ಹೀಗಾಗಿ ಮೀಮಾಂಸಕನ ನ್ಯಾಯವೇ ಇಲ್ಲಿ ಗೆಲ್ಲುತ್ತದೆ. ಬಾಧಕವಿಲ್ಲ, ಕಾರಣದೋಷ ಕಂಡಿಲ್ಲ, ಮುದ್ರೆಯಿದೆ. ಅಗ್ಗದ ಮಳಿಗೆಯ ಮೊಬಿಲ್ ಒನ್ನು ಮೊಬಿಲ್ ಒನ್ನೇ. (ನಮ್ಮ ಪೇಟೆಗಳಲ್ಲಿ ಖಾಲಿ ಡಬ್ಬಿಗೆ ಹಳೆಯ ಆಯಿಲನ್ನು ಸೋಸಿ ತುಂಬಿ ಮಾರುವ ಖೋಟಾ ವ್ಯಾಪಾರದ ಕಥೆ ಬೇರೆ. ಅದು ಕಳ್ಳತನ, ಅಲ್ಲಿ ತಯಾರಕನೂ ಗಿರಾಕಿಯಷ್ಟೇ ಮೋಸಹೋದವನು. ಬಲ್ಲ ಮೆಕ್ಯಾನಿಕ್ಕು ಖಾಲಿ ಡಬ್ಬಿಗೆ ತೂತು ಹೊಡೆದೇ ಎಸೆಯುತ್ತಾನೆ.)

ಹೆಸರು ಉಳಿದು ಒಳಗಿನ ದ್ರವ್ಯ ಬದಲಾದುದು ಎಂದೂ ಇಲ್ಲವೆ ಎಂದರೆ, ಇದೆ. ಆದರೆ ಅದು ನಡೆದುದು ಅಗ್ಗದ ಅಂಗಡಿಯಲ್ಲಲ್ಲ, ತಯಾರಕನ ಮನೆಯಲ್ಲಿ. ಮತ್ತು ಎಲ್ಲ ಅಂಗಡಿಗಳಿಗೂ ಒಟ್ಟಿಗೇ ನಡೆಯಿತು. ಕ್ಯಾಸ್ಟ್ರಾಲ್ ಸಂಸ್ಥೆಯವರು ತಮ್ಮ ‘ಸಿಂಟೆಕ್’ ಎಂಬ ಸಿಂಥೆಟಿಕ್ ಆಯಿಲಿನಲ್ಲಿ, ರಸಾಯನಶಾಲೆಯಲ್ಲಿ ಅಣುಅಣುವಾಗಿ ಕಟ್ಟಿದ ಮೂಲತೈಲವನ್ನು ಬಿಟ್ಟು, ಕಚ್ಚಾ ತೈಲವನ್ನೇ ಜಲಜನಕದಿಂದ ತೀವ್ರವಾಗಿ ಸಂಸ್ಕರಿಸಿ ಪಡೆದ ಮೂಲತೈಲವನ್ನು ಬಳಸತೊಡಗಿದರು. ಹೆಸರು ಮಾತ್ರ ಸಿಂಥೆಟಿಕ್ಕೆಂದೇ ಉಳಿಯಿತು. ಪ್ರತಿಸ್ಪರ್ಧಿಯಾದ ಮೊಬಿಲ್ ಸಂಸ್ಥೆ ದೂರು ಕೊಟ್ಟಿತು. ಜಾಹೀರಾತುಗಳ ಸತ್ಯಾಸತ್ಯವನ್ನು ವಿಚಾರಿಸುವ ಅಮೆರಿಕದ ನ್ಯಾಷನಲ್ ಅಡ್ವರ್ಟೈಸಿಂಗ್ ಡಿವಿಜನ್ 1999ರಲ್ಲಿ ಕ್ಯಾಸ್ಟ್ರಾಲಿನ ಪಕ್ಷವನ್ನು ಎತ್ತಿಹಿಡಿಯಿತು. ರಥವೆಂದರೆ ಗಾಲಿಯೋ ನೊಗವೋ ಅಚ್ಚೋ ಎಂದು ಭಿಕ್ಷು ನಾಗಸೇನನು ಮಿಲಿಂದ ರಾಜನನ್ನು ಕೇಳಿದ ಪ್ರಶ್ನೆಗೆ ಇಲ್ಲಿ ಒಂದು ವ್ಯಾಪಾರೀ ಉತ್ತರ ದೊರೆತಂತಾಯಿತು. ಹೆಸರು ಸೂಚಿಸುವುದು ದ್ರವ್ಯವನ್ನಲ್ಲ, ಕಾರ್ಯವನ್ನು ಎಂಬುದು ಆ ಉತ್ತರ. ಅದನ್ನು ಒಪ್ಪುವವರೂ ಒಪ್ಪದವರೂ ಇಂದಿಗೂ ಇದ್ದಾರೆ. ಆದರೆ ಹೆಚ್ಚು ಬೆಲೆ ಕೊಟ್ಟು ಕೊಂಡವನಿಗೂ ಕಡಮೆ ಕೊಟ್ಟವನಿಗೂ ದೊರೆತುದು ಒಂದೇ ಸಿಂಟೆಕ್.

ಇಷ್ಟಕ್ಕೇ ವಿಷಯ ಮುಗಿದಿದ್ದರೆ ಅಗ್ಗದ ಅಂಗಡಿಗೆ ನಿರ್ದೋಷಪತ್ರ ಕೊಟ್ಟು ಎದ್ದುಬಿಡಬಹುದಾಗಿತ್ತು. ಮುಗಿಯಲಿಲ್ಲ. ಡಾಲರ್ ಜನರಲ್ ಎಂಬ ಸಂಸ್ಥೆಯ ಮೊದಲ ಮಳಿಗೆ 1955ರಲ್ಲಿ ಕೆಂಟಕಿ ಪ್ರಾಂತದಲ್ಲಿ ತೆರೆಯಿತು; ಇಂದು ಅದು ಆ ದೇಶದ ಬಡ ಬಡಾವಣೆಗಳಲ್ಲಿಯೂ ಹಳ್ಳಿಗಾಡಿನಲ್ಲಿಯೂ ಹಬ್ಬಿಕೊಂಡಿದೆ. ಅದು ತನ್ನ ಸ್ವಂತ ‘ಡಿಜಿ’ ಹೆಸರಿನ ಆಯಿಲುಗಳನ್ನು ಹೆಸರಾಂತ ಆಯಿಲುಗಳ ಪಕ್ಕದಲ್ಲಿಯೇ, ಅವುಗಳಿಗಿಂತ ಅಗ್ಗವಾಗಿ ಜೋಡಿಸಿಟ್ಟು ಮಾರಿತು. ಅವುಗಳಲ್ಲಿ ಎರಡು ಎಸ್‌ಎಫ್ ದರ್ಜೆಯವು, ಎಂದರೆ 1988ರ ಈಚಿನ ಹೆಚ್ಚಿನ ಪೆಟ್ರೋಲ್ ಎಂಜಿನ್ನುಗಳಿಗೆ ತಕ್ಕವಲ್ಲ. ಮೂರನೆಯದು ಎಸ್‌ಎ ದರ್ಜೆಯದು. ಅದು 1930ರ ಈಚಿನ ಹೆಚ್ಚಿನ ಎಂಜಿನ್ನುಗಳಿಗೂ ಆಗದು. ಡಬ್ಬಿಯ ಮುಂಬದಿಯಲ್ಲಿ ಎಂಜಿನ್ನಿಗೆ ಇದು ರಕ್ಷಣೆಯೆಂಬ ಧಾಟಿಯ ಮಾತು. ‘ಆಗದು’ ಎಂಬ ಮಾತು ಹಿಂಬದಿಯಲ್ಲಿ, ಸಣ್ಣ ಅಕ್ಷರಗಳಲ್ಲಿ. ಅನೇಕ ಪ್ರಾಂತಗಳಿಂದ ಬಂದ ದಾವೆಗಳನ್ನು ಮಿಸೌರಿಯ ಪಶ್ಚಿಮ ವಿಭಾಗದ ಫೆಡರಲ್ ನ್ಯಾಯಾಲಯದಲ್ಲಿ ಒಟ್ಟುಗೂಡಿಸಿದರು, ಕೊನೆಗೆ ರಾಜಿಯಾಯಿತು. 2019ರಲ್ಲಿ ನ್ಯೂಯಾರ್ಕ್ ಪ್ರಾಂತದ ಅಟಾರ್ನಿ ಜನರಲರೊಡನೆ ಮಾಡಿಕೊಂಡ ಬೇರೊಂದು ಒಪ್ಪಂದದಲ್ಲಿ, ಹಳೆಯ ದರ್ಜೆಯ ಆಯಿಲು ಮತ್ತು ಅವಧಿ ಮೀರಿದ ಔಷಧಿಗಳನ್ನು ಮಾರಿದುದಕ್ಕಾಗಿ ಈ ಸಂಸ್ಥೆ 11 ಲಕ್ಷ ಡಾಲರುಗಳನ್ನು ತೆರಲು ಒಪ್ಪಿತು.

ಈ ಡಬ್ಬಿಯ ಮೇಲೆ ಸುಳ್ಳಿರಲಿಲ್ಲ ಎಂಬುದನ್ನು ಓದುಗರು ಗಮನಿಸಬೇಕು. ಎಸ್‌ಎಫ್ ಎಂದು ಬರೆದಿತ್ತು, ಒಳಗೂ ಎಸ್‌ಎಫ್ ಇದ್ದಿತು. 1988 ಎಂದು ಬರೆದಿತ್ತು, ಅದೂ ದಿಟ. ಸತ್ಯವೆಂದರೆ ಶಬ್ದಕ್ಕೂ ವಸ್ತುವಿಗೂ ಇರುವ ಹೊಂದಿಕೆ ಮಾತ್ರವೆಂದು ತಿಳಿದವನು ಇಲ್ಲಿ ತಪ್ಪನ್ನೇ ಕಾಣಲಾರನು. ಯೋಗಸೂತ್ರಗಳ ವ್ಯಾಸಭಾಷ್ಯವು ಸತ್ಯವನ್ನು ಇಷ್ಟು ಸುಲಭವಾಗಿ ಬಿಡುವುದಿಲ್ಲ. ತನ್ನಲ್ಲಿರುವ ತಿಳಿವನ್ನು ಇನ್ನೊಬ್ಬನಿಗೆ ಮುಟ್ಟಿಸುವುದಕ್ಕಾಗಿ ಮಾತು ಹುಟ್ಟಿದೆ. ಆದುದರಿಂದ ಅದು ವಂಚಿಸತಕ್ಕದ್ದಲ್ಲ, ಭ್ರಾಂತವಾಗಿರತಕ್ಕದ್ದಲ್ಲ, ಕೇಳಿದವನಲ್ಲಿ ತಿಳಿವನ್ನು ಹುಟ್ಟಿಸದೆ ಬಂಜೆಯಾಗಿರಲೂ ತಕ್ಕದ್ದಲ್ಲ ಎಂದು ಅಲ್ಲಿ ಮೂರು ನಿಬಂಧನೆಗಳಿವೆ. ಇದಕ್ಕೆ ಟೀಕೆ ಬರೆದ ವಾಚಸ್ಪತಿಮಿಶ್ರರು ವಂಚನೆಯ ಮಾತಿಗೆ ಉದಾಹರಣೆಯಾಗಿ ಎತ್ತಿಕೊಂಡುದು ಕುರುಕ್ಷೇತ್ರದ ಅಶ್ವತ್ಥಾಮ ಪ್ರಸಂಗವನ್ನು. ಅಶ್ವತ್ಥಾಮನು ಸತ್ತನೆಂದು ಗಟ್ಟಿಯಾಗಿ ನುಡಿದು, ಸತ್ತುದು ಆನೆಯೆಂಬುದನ್ನು ತಗ್ಗಿದ ದನಿಯಲ್ಲಿ ಸೇರಿಸಿದ ಧರ್ಮರಾಯನ ವಾಕ್ಯದಲ್ಲಿ ಒಂದು ಪದವೂ ಸುಳ್ಳಲ್ಲ. ಆದರೂ ನೆಲದಿಂದ ನಾಲ್ಕು ಬೆರಳು ಮೇಲೆ ನಡೆಯುತ್ತಿದ್ದ ಅವನ ರಥವು ಅಂದು ನೆಲಕ್ಕಿಳಿಯಿತೆಂದು ಮಹಾಭಾರತ ಹೇಳುತ್ತದೆ. ತಗ್ಗಿದ ದನಿಗೂ ಹಿಂಬದಿಯ ಸಣ್ಣ ಅಕ್ಷರಕ್ಕೂ ಧರ್ಮಶಾಸ್ತ್ರದ ದೃಷ್ಟಿಯಲ್ಲಿ ಭೇದವನ್ನು ನಾನು ಕಾಣೆನು. ಧರ್ಮರಾಯನಿಗಾದರೂ ದ್ರೋಣನಿಗೆ ಕೇಳಿಸಬಾರದೆಂಬ ಯುದ್ಧಸಂಕಟವಿತ್ತು. ದಿನಗೂಲಿಯವನ ಹತ್ತು ವರ್ಷದ ಹಳೆಯ ಕಾರಿಗೆ ಆಗದ ಎಣ್ಣೆಯನ್ನು ಮಾರುವುದಕ್ಕೆ ಯಾವ ಸಂಕಟ?

ವರ್ತಕನ ಧರ್ಮವನ್ನು ನಮ್ಮವರು ಹಗುರವಾಗಿ ಕಂಡವರಲ್ಲ. ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿ ದೊರೆತು, ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಮುದ್ರಿಸಿ ಲೋಕದ ಬೆಳಕಿಗೆ ತಂದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ, ಕೀಳಾದುದನ್ನು ಮೇಲೆಂದೂ ಒಂದೆಡೆಯದನ್ನು ಇನ್ನೊಂದೆಡೆಯದೆಂದೂ ಹೇಳಿ ಮಾರುವವನಿಗೆ ದಂಡ ವಿಧಿಸಿದೆ. ಶಾಂತಿಪರ್ವದಲ್ಲಿ ಅದಕ್ಕಿಂತ ಎತ್ತರದ ಮಾತೊಂದಿದೆ. ಜಟೆಯಲ್ಲಿ ಹಕ್ಕಿಗಳು ಗೂಡು ಕಟ್ಟಿ ಮರಿಮಾಡಿದರೂ ಅಲುಗದೆ ನಿಂತು, ಆ ತಪಸ್ಸಿನಿಂದ ಗರ್ವಿಷ್ಠನಾದ ಜಾಜಲಿಗೆ ಧರ್ಮವನ್ನು ಬೋಧಿಸಿದವನು ಕಾಶಿಯ ಪೇಟೆಯಲ್ಲಿ ಗಂಧ, ಬೇರು, ರಸಗಳನ್ನು ಮಾರಿಕೊಂಡಿದ್ದ ತುಲಾಧಾರನೆಂಬ ವರ್ತಕ. ಮದ್ಯವೊಂದನ್ನು ಬಿಟ್ಟು ಎಲ್ಲ ರಸಗಳನ್ನೂ ಮಾರುತ್ತೇನೆ, ನನ್ನ ತಕ್ಕಡಿ ಎಲ್ಲರಿಗೂ ಸಮ ಎಂಬುದು ಅವನ ನಿಷ್ಠೆ. ಹೆಚ್ಚು ಕೊಟ್ಟವನಿಗೆ ಒಂದು ತೂಕ, ಕಡಮೆ ಕೊಟ್ಟವನಿಗೆ ಇನ್ನೊಂದು ತೂಕವೆಂಬುದು ಅಲ್ಲಿಲ್ಲ. ಕೊಳ್ಳುವವನ ಅಜ್ಞಾನವನ್ನು ತನ್ನ ಬಂಡವಾಳಕ್ಕೆ ಸೇರಿಸಿಕೊಳ್ಳುವುದೂ ಇಲ್ಲ. ಹೆಸರಾಂತ ಆಯಿಲಿನ ತಯಾರಕನು ಲಾಭದ ದೃಷ್ಟಿಯಿಂದಲೇ ಆಗಲಿ, ಎಲ್ಲ ಅಂಗಡಿಗಳಿಗೂ ಒಂದೇ ಪಾಕವನ್ನು ಕಳುಹಿಸುವಾಗ ತುಲಾಧಾರನ ಒಂದು ನಿಯಮವನ್ನಾದರೂ ಪಾಲಿಸುತ್ತಾನೆ. ಆಗದ ವಸ್ತುವನ್ನು ಆಗುವ ವಸ್ತುವಿನ ಮಗ್ಗುಲಲ್ಲಿಟ್ಟು, ಎಚ್ಚರಿಕೆಯನ್ನು ಬೆನ್ನಿಗೆ ಅಂಟಿಸಿ, ಗಿರಾಕಿ ಓದದಿರಲೆಂದು ಕಾಯುವವನು ಅದನ್ನೂ ಪಾಲಿಸುವುದಿಲ್ಲ. ಜನರ ಸಂಶಯವೆಲ್ಲ ಮೊದಲನೆಯವನ ಮೇಲೆ ಹರಿದು, ಎರಡನೆಯವನು ಬಹುಕಾಲ ನಿಶ್ಚಿಂತನಾಗಿದ್ದುದು ವಿಪರ್ಯಾಸ.

ಆದುದರಿಂದ, ಅಲ್ಲಿಯೇ ನೆಲೆಸಿ ಕಾರು ನಡೆಸುವ ನಮ್ಮ ಜನಕ್ಕೆ ನಾನು ಹೇಳತಕ್ಕದ್ದು ಇಷ್ಟು. ಕಾರಿನ ಕೈಪಿಡಿಯಲ್ಲಿ ಸೂಚಿಸಿರುವ ದರ್ಜೆ ಮತ್ತು ಸ್ನಿಗ್ಧತೆಯ ಅಂಕಗಳು ಡಬ್ಬಿಯ ದುಂಡು ಮುದ್ರೆಯೊಳಗೆ ಇವೆಯೆ ಎಂದು ನೋಡಿ, ಮುಚ್ಚಳದ ಬಿಗಿ ಒಡೆದಿಲ್ಲವೆಂಬುದನ್ನು ಪರೀಕ್ಷಿಸಿ, ಎಲ್ಲಿ ಅಗ್ಗವೋ ಅಲ್ಲಿ ನಿಸ್ಸಂಕೋಚವಾಗಿ ಕೊಳ್ಳಿರಿ. ಮುದ್ರೆಯಿದ್ದರೆ ಅಂಗಡಿಯ ಸ್ವಂತ ಹೆಸರಿನ ಆಯಿಲೂ ಆದೀತು. ಆದರೆ ಮುದ್ರೆಯೊಳಗಿನ ಅಕ್ಷರವನ್ನು ಓದದೆ ಯಾವುದನ್ನೂ ಕೊಳ್ಳಬೇಡಿರಿ. ಮತ್ತು ಅದೇ ಸಾಲಿನಲ್ಲಿ ನಿಮ್ಮ ಪಕ್ಕಕ್ಕೆ ನಿಂತು, ಎರಡು ಡಾಲರಿನ ಉಳಿತಾಯಕ್ಕಾಗಿ ಹಳೆಯ ದರ್ಜೆಯ ಡಬ್ಬಿಗೆ ಕೈಹಾಕುತ್ತಿರುವವನೊಬ್ಬನು ಕಂಡರೆ, ಅವನು ಯಾರೇ ಆಗಿರಲಿ, ಹಿಂಬದಿಯನ್ನು ತಿರುಗಿಸಿ ಓದಿ ಹೇಳಿರಿ.